ಕರುಣಾಳು ಬಾ ಬೆಳಕೆ: ಮೂಲಗೀತೆಯ ಚರಿತ್ರೆ

ಕನ್ನಡಿಗರು ‘ಕರುಣಾಳು ಬಾ ಬೆಳಕೆ’ ಎಂದು ಹಾಡುವ ಪ್ರಾರ್ಥನೆಯ ಮೂಲ, ‘ಲೀಡ್, ಕೈಂಡ್ಲಿ ಲೈಟ್’ ಎಂಬ ಇಂಗ್ಲಿಷ್ ಕ್ರೈಸ್ತ ಗೀತೆ. ಕರ್ತೃ ಜಾನ್ ಹೆನ್ರಿ ನ್ಯೂಮನ್ (1801–1890), ಬಾಳಿನ ಉತ್ತರಾರ್ಧವನ್ನು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಳೆದ ಧರ್ಮಗುರು.

1833ರಲ್ಲಿ ನ್ಯೂಮನ್ ಆಕ್ಸ್‌ಫರ್ಡಿನಲ್ಲಿ ಆಂಗ್ಲಿಕನ್ ಪಾದ್ರಿ. ಆ ಬೇಸಿಗೆಯಲ್ಲಿ ಸಿಸಿಲಿ ದ್ವೀಪದಲ್ಲಿ ಒಬ್ಬ ಸೇವಕನೊಂದಿಗೆ ಸುತ್ತುತ್ತಿದ್ದಾಗ ಜ್ವರ ಬಂದು ಸಾವಿನ ಅಂಚಿಗೆ ಹೋದರು. ಚೇತರಿಸಿಕೊಂಡ ಮೇಲೆ ಊರು ಸೇರುವ ತವಕ, ಹಡಗಿಲ್ಲ. ಪಲೆರ್ಮೊದಲ್ಲಿ ಸುಮಾರು ಮೂರು ವಾರ ಕಾದ ಮೇಲೆ ಸಿಕ್ಕಿದ್ದು, ಕಿತ್ತಳೆ ಹೇರಿಕೊಂಡು ಮಾರ್ಸೇಲ್ಸ್‌ಗೆ ಹೊರಟ ಹಾಯಿದೋಣಿ. ಅದೂ ಗಾಳಿ ಬಿದ್ದುಹೋಗಿ ಬೊನಿಫಾಸಿಯೊ ಜಲಸಂಧಿಯಲ್ಲಿ ಒಂದು ವಾರ ನಿಂತಿತು. ಆ ಪಯಣದಲ್ಲೇ, ಜೂನ್ 16ರಂದು, ಮೂರು ಚರಣಗಳು ಹುಟ್ಟಿದವು. ಮುಂದೆ ಅವರು ಇದಕ್ಕಿಟ್ಟ ಶಿರೋನಾಮೆ ‘ಮೇಘಸ್ತಂಭ’: ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲರಿಗೆ ಮರಳುಗಾಡಿನಲ್ಲಿ ದಾರಿ ತೋರಿದ್ದು ಅದೇ. ಗೀತೆಯಲ್ಲಿ ಕ್ರಿಸ್ತನ ಹೆಸರು ಬರುವುದಿಲ್ಲ. ಇಡೀ ದಾರಿಯನ್ನು ಕಾಣಿಸೆಂಬ ಹಟವೂ ಇಲ್ಲ. ಸದ್ಯದ ನಡಿಗೆಗೆ ಬೇಕಾದಷ್ಟೇ ಬೆಳಕಿನ ಬೇಡಿಕೆ. ಇದರ ಸತ್ವ ಇರುವುದು ಈ ವಿನಯದಲ್ಲೇ.

ಆ ಬೇಡಿಕೆಯಂತೆಯೇ ಅವರ ಬಾಳೂ ನಡೆಯಿತು. 1845ರಲ್ಲಿ ಕಥೋಲಿಕ ಸಭೆ ಸೇರಿ ಹಳೆಯ ಗೆಳೆಯರನೇಕರನ್ನು ಕಳೆದುಕೊಂಡರು. 1848ರಲ್ಲಿ ಬರ್ಮಿಂಗ್‌ಹ್ಯಾಮ್ ಓರೇಟರಿ ಎಂಬ ಗುರುಗಳ ಮಠವನ್ನು ಸ್ಥಾಪಿಸಿ, ಮರುವರ್ಷ ಆಲ್ಸೆಸ್ಟರ್ ಬೀದಿಯ ಹಳೆಯ ಜಿನ್ ಭಟ್ಟಿಯೊಂದನ್ನು ಪ್ರಾರ್ಥನಾಲಯ ಮಾಡಿಕೊಂಡರು. ಅದೇ ವರ್ಷ ಹತ್ತಿರದ ಬಿಲ್‌ಸ್ಟನ್ನಿನಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ನೆರವಿಗೆ ತಾವೇ ಹೋದರು. 1852ರಿಂದ ಅದೇ ನಗರದ ಎಜ್‌ಬಾಸ್ಟನ್ ಬಡಾವಣೆಯೇ ನೆಲೆ. 1879ರಲ್ಲಿ ಕಾರ್ಡಿನಲ್ ಪದವಿ.

ಜೆ.ಬಿ. ಡೈಕ್ಸ್ 1865ರಲ್ಲಿ ಹಾಕಿದ ರಾಗದಿಂದ ಗೀತೆ ಮನೆಮಾತಾಯಿತು. ಡೈಕ್ಸ್ ಉತ್ತರ ಇಂಗ್ಲೆಂಡಿನ ಡರಮ್‌ನಲ್ಲಿ ಪಾದ್ರಿ. ಅದೇ ಡರಮ್ ಸೀಮೆಯ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ 1909ರ ಫೆಬ್ರವರಿ 16ರಂದು ಸ್ಫೋಟವಾಗಿ 168 ಗಂಡಸರು, ಹುಡುಗರು ಸತ್ತರು. ವಿಷಾನಿಲ ತಲುಪದ ಒಂದು ಮೂಲೆಯಲ್ಲಿ ಸಿಕ್ಕಿಬಿದ್ದವರು ಕತ್ತಲಲ್ಲಿ ಕುಳಿತಿದ್ದರು. ಒಬ್ಬ ಈ ಗೀತೆಯನ್ನು ಗುನುಗಿದ, ಒಬ್ಬೊಬ್ಬರಾಗಿ ದನಿಗೂಡಿಸಿದರು. ಗಾಯಗೊಂಡಿದ್ದ ಹುಡುಗನೊಬ್ಬ ಹಾಡು ಮುಗಿಯುವ ಮುನ್ನವೇ ಪ್ರಾಣಬಿಟ್ಟ. ಸುಮಾರು 14 ಗಂಟೆಗಳ ನಂತರ ಆ ಗುಂಪಿನ 26 ಮಂದಿ ಜೀವಂತ ಹೊರಬಂದರು. ಗೀತೆಯ ಚರಿತ್ರೆಯಲ್ಲಿ ಇದು ಮರೆಯಲಾಗದ ಘಟನೆ.

ಗೀತೆಯ ಕೊನೆಯ ಸಾಲುಗಳ ಅರ್ಥವೇನೆಂದು 1879ರಲ್ಲಿ ಒಬ್ಬರು ವಿಚಾರಿಸಿದಾಗ, ಸುಮಾರು 50 ವರ್ಷಗಳ ಹಿಂದಿನ ಮನಸ್ಥಿತಿಯನ್ನು ವಿವರಿಸುವ ಹೊಣೆ ತಮ್ಮದಲ್ಲವೆಂದು ನ್ಯೂಮನ್ ಉತ್ತರಿಸಿದ್ದರು. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಭಾರತದಲ್ಲಿ ಗಾಂಧೀಜಿಗೆ ಈ ಗೀತೆ ಅಚ್ಚುಮೆಚ್ಚಿನ ಪ್ರಾರ್ಥನೆಯಾಗಿತ್ತು. ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ; ಅನುವಾದ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿದೆ. ಶಾಲೆಗಳಲ್ಲಿ, ಭಾವಗೀತೆಯ ವೇದಿಕೆಗಳಲ್ಲಿ ಎಲ್ಲ ಮತದವರೂ ಇದನ್ನು ಹಾಡುತ್ತಾರೆ. ಹಾಡು ಕಲಿಸುವ ಮೇಷ್ಟ್ರು ಸ್ಟ್ಯಾನ್ಲಿ ಗಣಿಯ ಆ ರಾತ್ರಿಯನ್ನೂ ಮಕ್ಕಳಿಗೆ ಹೇಳಬೇಕು.