ಪಂಜರದ ಬೆರಕೆ, ಗದ್ದೆಯ ರಾಟವಾಳ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರು ಕನ್ನಡ ಓದುಗರನ್ನು ತಲುಪಿದ್ದು ವೈದ್ಯರೂ ಕತೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಮೂಲಕ. ಆ ಊರನ್ನು ಒಳಗೊಂಡ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲು ಹಿಂದಿನಿಂದ ರಾಗಿಯ ಸೀಮೆ. ಭತ್ತ, ಕಬ್ಬು ಇಲ್ಲಿ ಇಷ್ಟು ದಟ್ಟವಾಗಿ ಹಬ್ಬಿದ್ದು ಕಳೆದ ಶತಮಾನದಲ್ಲಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಮೊದಲಿಗೆ ಮುಗಿಯಿತು. ಆಗ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಾಳು ತಿನ್ನುವ ಪುಟ್ಟ ಹಕ್ಕಿಗಳಿಗೆ ಇದು ಹೇಳಿ ಮಾಡಿಸಿದ ನೆಲೆ: ಬದುವಿನ ಹುಲ್ಲಿನ ಬೀಜ, ತೆನೆಗಟ್ಟಿದ ಭತ್ತ, ಇರುಳು ತಂಗಲು ಕಬ್ಬಿನ ಗದ್ದೆ. ಎದೆಯ ಮೇಲೆ ಮೀನಿನ ಹುರುಪೆಯಂಥ ಗುರುತಿರುವ ಚುಕ್ಕೆ ರಾಟವಾಳ, ಬಿಳಿಕತ್ತಿನ ರಾಟವಾಳ, ಕಪ್ಪುತಲೆಯ ರಾಟವಾಳ, ಮಳೆಗಾಲದಲ್ಲಿ ಗಂಡಿನ ಮೈ ಕೆಂಪೇರುವ ಕೆಂಪು ರಾಟವಾಳ, ಇವೆಲ್ಲ ಇಂಥ ನೆಲದ ಹಕ್ಕಿಗಳು. ಇವುಗಳ ದೂರದ ನೆಂಟರಾದ ಫಿಂಚ್‌ಗಳು ಈಗ ಪಟ್ಟಣದ ಮನೆಗಳ ಪಂಜರಗಳಲ್ಲಿವೆ. ಜೋಡಿ ಸಾಕಿ ಮರಿ ಮಾಡಿಸಿದವರಿಗೆ ಮುಂದೆ ಒಂದು ಜಾತಿಗೆ ಇನ್ನೊಂದನ್ನು ಕೂಡಿಸಿ, ಹಿಂದೆ ಯಾರೂ ಕಾಣದ ಬಣ್ಣದ ಮರಿ ತೆಗೆಯುವ, ಅದನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಹುಟ್ಟುವುದು ಸಹಜ. ಈ ಆಸೆಗೆ ದೇಶವಿದೇಶಗಳಲ್ಲಿ ಉದ್ದನೆಯ ಚರಿತ್ರೆಯಿದೆ. ಪಂಜರದಲ್ಲೇ ತಲೆಮಾರುಗಳನ್ನು ಕಳೆದ ಹಕ್ಕಿಯನ್ನು ಸಾಕುವುದು ಬೇರೆ, ಕಾಡುಹಕ್ಕಿಯ ರಕ್ತ ಬೇಡುವ ಬೆರಕೆ ಬೇರೆ ಎಂದು ಆ ಚರಿತ್ರೆ ಹೇಳುತ್ತದೆ. ಮೊದಲನೆಯದನ್ನು ಒಪ್ಪಬಹುದು. ಎರಡನೆಯದು ನಮ್ಮ ಗದ್ದೆಗಳ ಹತ್ತಿರ ಸುಳಿಯಬಾರದು.

ರಾಟವಾಳ ಪಂಜರಕ್ಕೆ ಹೋದದ್ದು ಇಂದು ನಿನ್ನೆಯಲ್ಲ. 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಓಡಾಡಿ ಕಾರವಾರ, ಗೋಕರ್ಣಗಳನ್ನೂ ಕಂಡ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, ಅಹಮದಾಬಾದಿನಿಂದ ಸೂರತ್ತಿಗೆ ಬರುತ್ತಿದ್ದ ಕೆಂಪು, ಬಿಳಿ ಚುಕ್ಕೆಗಳ ಪುಟ್ಟ ಹಕ್ಕಿಗಳನ್ನು ಒಂದೇ ಪಂಜರದಲ್ಲಿ ಐವತ್ತರಂತೆ ತುಂಬಿದ್ದುದನ್ನು ಬರೆದಿಟ್ಟಿದ್ದಾನೆ. ಅವು ಕೆಂಪು ರಾಟವಾಳಗಳು. ಅಂದಿನಿಂದ ಮೂರು ಶತಮಾನ ಈ ಹಕ್ಕಿ ಹಡಗೇರಿ ಯುರೋಪಿಗೆ ಹೋಗುತ್ತಲೇ ಇತ್ತು. ಇದೇ ಕುಟುಂಬದ ಇನ್ನೊಂದು ಹಕ್ಕಿಯ ಕಥೆ ಬೇರೆ ದಾರಿ ಹಿಡಿಯಿತು. ನಮ್ಮ ಮಲೆನಾಡಿನಲ್ಲೂ ಕಾಣುವ ಬಿಳಿಬೆನ್ನಿನ ರಾಟವಾಳದ ಚೀನಾದ ಬಳಗವೊಂದನ್ನು 1760ರ ದಶಕದ ಹೊತ್ತಿಗೆ ಜಪಾನಿಗೆ ತಂದರು. ಅಲ್ಲಿನ ಸಾಕಣೆಗಾರರು ಅದನ್ನು ಪಂಜರದಲ್ಲೇ ಮರಿ ಮಾಡಿಸುತ್ತ ಹೋದರು. ಅವರು ಆರಿಸಿಕೊಂಡದ್ದು ಹಾಡುವ ಹಕ್ಕಿಯನ್ನಲ್ಲ, ಮೊಟ್ಟೆಗೆ ಚೆನ್ನಾಗಿ ಕಾವು ಕೊಟ್ಟು ಅನ್ಯರ ಮರಿಗೂ ಗುಟುಕು ಕೊಡುವ ತಾಯ್ತನದ ಹಕ್ಕಿಯನ್ನು. ಇಂದು ಅಂಗಡಿಗಳಲ್ಲಿ ಬೆಂಗಾಲೀಸ್ ಎಂದು ಸಿಗುವ ಫಿಂಚ್ ಅದೇ. ಇದು ನಾಲ್ಕಾರು ರಾಟವಾಳಗಳ ಬೆರಕೆ ಎಂದು ಬಹುಕಾಲ ನಂಬಿದವರಿದ್ದರು. ಮುಂದಿನ ಅಧ್ಯಯನಗಳು ಅದು ಒಂದೇ ಜಾತಿಯಿಂದ ಬಂದದ್ದೆಂದು ತೋರಿಸಿದವು. ಜಪಾನಿನ ವಿಜ್ಞಾನಿ ಕಜುವೊ ಒಕನೋಯ ಅವರು ಪಂಜರದ ಹಕ್ಕಿಯ ಹಾಡು ಕಾಡಿನ ಹಕ್ಕಿಯ ಹಾಡಿಗಿಂತ ಹೆಚ್ಚು ಹೆಣಿಗೆಯದಾಗಿರುವುದನ್ನು ಕಂಡರು. ಶತ್ರುವಿನ ಭಯವಿಲ್ಲದ, ತನ್ನ ಜಾತಿಯ ಗುರುತು ಹೇಳಿಕೊಳ್ಳುವ ತುರ್ತಿಲ್ಲದ ಬಾಳಿನಲ್ಲಿ ಹಾಡು ಸಡಿಲವಾಗಿ ಬೆಳೆಯಿತೆಂಬುದು ಅವರ ವಿವರಣೆ. ಯಾವ ಬೆರಕೆಯೂ ಇಲ್ಲದೆ, ತಾಳ್ಮೆಯೊಂದರಿಂದಲೇ ಮನುಷ್ಯ ಹೊಸ ಹಕ್ಕಿಯೊಂದನ್ನು ಪಡೆದ ಉದಾಹರಣೆ ಇದು. ಆಸ್ಟ್ರೇಲಿಯಾದ ಜೀಬ್ರಾ ಫಿಂಚ್‌ನ ಹಾದಿಯೂ ಹೆಚ್ಚುಕಡಿಮೆ ಹೀಗೆಯೇ. ಆ ದೇಶ 1960ರಲ್ಲಿ ತನ್ನ ಕಾಡುಹಕ್ಕಿಗಳ ರಫ್ತನ್ನು ನಿಲ್ಲಿಸಿತು. ಆದರೂ ಲೋಕದ ಪಂಜರಗಳಲ್ಲಿ ಜೀಬ್ರಾ ಫಿಂಚ್‌ಗೆ ಕೊರತೆಯಾಗಲಿಲ್ಲ. ಸಾಕಿದ ಹಕ್ಕಿಯಿಂದಲೇ ಸಾಕುವ ಹಕ್ಕಿ ಹುಟ್ಟುತ್ತಿತ್ತು.

ಬೆರಕೆಯ ಪ್ರದರ್ಶನ ಬೆಳೆದದ್ದು ಯುರೋಪಿನಲ್ಲಿ, ಕೆನರಿ ಹಕ್ಕಿಯ ಸುತ್ತ. ಕೆನರಿ ಹೆಣ್ಣಿಗೆ ಅಲ್ಲಿನ ಕಾಡಿನ ಗೋಲ್ಡ್‌ಫಿಂಚ್‌ ಗಂಡನ್ನು ಕೂಡಿಸಿ ಹುಟ್ಟಿದ ಮರಿಗೆ ಬ್ರಿಟನ್ನಿನ ಹಕ್ಕಿ ಮೇಳಗಳಲ್ಲಿ ಬೇರೆಯೇ ವಿಭಾಗ, ಬೇರೆಯೇ ಬಹುಮಾನ. ಆ ಗಂಡು ಬರಬೇಕಾದದ್ದು ಬಲೆಯಿಂದ, ಅಂಟಿನ ಕಡ್ಡಿಯಿಂದ. ಈ ಚರಿತ್ರೆಯ ದೊಡ್ಡ ಅಧ್ಯಾಯ ಬರೆದವರು ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡುಂಕರ್ ಮತ್ತು ಕಾರ್ಲ್ ರೈಶ್. 1920ರ ದಶಕದಲ್ಲಿ ಇವರು ಹಳದಿ ಕೆನರಿಯನ್ನು ಕೆಂಪಾಗಿಸಲು ಹೊರಟರು. ಅದಕ್ಕೆ ಬೇಕಾದ ಕೆಂಪು ಇದ್ದದ್ದು ವೆನಿಜುವೆಲಾದ ಕಡೆಯ ರೆಡ್ ಸಿಸ್ಕಿನ್ ಎಂಬ ಸಣ್ಣ ಹಕ್ಕಿಯಲ್ಲಿ. ಮೊದಲ ಮರಿಗಳು ತಾಮ್ರದ ಬಣ್ಣ ತಾಳಿದವು. ಮುಂದಿನ ತಲೆಮಾರುಗಳಲ್ಲಿ ಕೆಂಪು ಕೆನರಿ ನೆಲೆಗೊಂಡಿತು. 2016ರಲ್ಲಿ ವಿಜ್ಞಾನಿಗಳು ಆ ಕೆಂಪನ್ನು ಕೊಡುವ ಜೀನು ಸಿಸ್ಕಿನ್‌ನಿಂದಲೇ ಕೆನರಿಗೆ ಬಂದದ್ದನ್ನು ಖಚಿತಪಡಿಸಿದರು. ಸಾಕಣೆಗಾರರ ಜಾಣ್ಮೆಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ತಳಿಶಾಸ್ತ್ರ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಒಂದು ಜಾತಿಯ ಬಣ್ಣವನ್ನು ಇನ್ನೊಂದಕ್ಕೆ ದಾಟಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಊರೂರಿನ ಹವ್ಯಾಸಿಗಳಿಗೂ ಸಿಸ್ಕಿನ್ ಬೇಕಾಯಿತು. ವೆನಿಜುವೆಲಾ ಸರ್ಕಾರ 1940ರ ದಶಕದಲ್ಲಿ ರಕ್ಷಣೆಯ ಕಾನೂನು ತಂದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಇಂದು ಕೆಂಪು ಕೆನರಿ ಲೋಕದೆಲ್ಲೆಡೆ ಇದೆ, ಅದಕ್ಕೆ ಬಣ್ಣ ಕೊಟ್ಟ ಸಿಸ್ಕಿನ್ ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಇನ್ನು ನಮ್ಮ ಕಡೆಯ ರೂಢಿ. ಪ್ರಾಣಿಪಕ್ಷಿಗಳನ್ನು ಸಾಕಿ ಮೆರೆಸುವುದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹುಂಜದ ಕಾಳಗ, ಲಾವುಗೆಯ ಕಾಳಗ, ಪಾರಿವಾಳ, ಗಿಡುಗ ಎಂದು ಒಂದೊಂದು ವಿನೋದಕ್ಕೂ ಒಂದೊಂದು ಅಧ್ಯಾಯವಿದೆ. ಅಲ್ಲಿ ಹಕ್ಕಿಯ ಹಿರಿಮೆ ಇರುವುದು ಕಸುವಿನಲ್ಲಿ, ಹಾರಾಟದಲ್ಲಿ, ಕಲಿತ ವಿದ್ಯೆಯಲ್ಲಿ. ಹಳೆಯ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಗೋ ಇಲಾಖೆಯನ್ನು ಕಟ್ಟಿದರು, ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಅದೇ ಹೆಸರಿನ ದನದ ತಳಿಯ ಬೇರು ಹಳ್ಳಿಕಾರ್. ಇಂದಿಗೂ ಮುಡುಕುತೊರೆಯಂಥ ದನಗಳ ಜಾತ್ರೆಯಲ್ಲಿ ಮಂಡ್ಯ ಸೀಮೆಯ ರೈತ ಹಳ್ಳಿಕಾರ್ ಜೋಡಿಯನ್ನು ಮೈ ತೊಳೆದು ಶೃಂಗರಿಸಿ ಕಟ್ಟಿದಾಗ ನೋಡುವವರು ಕೊಂಬು, ನಡೆ, ಬಣ್ಣ ನೋಡುತ್ತಾರೆ, ತಾಯಿ ಯಾವುದು, ಹೋರಿ ಯಾರ ಮನೆಯದು ಎಂದು ಕೇಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಎಂಬ ಊರಿನಿಂದ ಹೆಸರು ಪಡೆದ ಬಂಡೂರು ಕುರಿಯ ಕಥೆಯೂ ಇದನ್ನೇ ಹೇಳುತ್ತದೆ. ಬೇರೆ ಕುರಿಗಳೊಡನೆ ಬೆರೆತು ಶುದ್ಧ ಬಂಡೂರು ವಿರಳವಾಗುತ್ತ ಬಂದಂತೆ ಶುದ್ಧ ಟಗರಿನ ಬೆಲೆ ಏರುತ್ತ ಹೋಗಿದೆ. ಹೀಗೆ ಈ ಸೀಮೆಯಲ್ಲಿ ತೋರಿಸುವ ಹೆಮ್ಮೆ ನಿಂತಿದ್ದು ತಳಿಯನ್ನು ಕಾಯ್ದುಕೊಂಡದ್ದರ ಮೇಲೆ. ಬೆರಕೆಯನ್ನೇ ಬಹುಮಾನದ ವಸ್ತುವಾಗಿಸುವ ರೂಢಿ ಇಲ್ಲಿಯ ಮಣ್ಣಿನದಲ್ಲ.

ಇದಕ್ಕೆ ಮಂಡ್ಯದವರೇ ಒಂದು ಬಲವಾದ ಆಕ್ಷೇಪ ಎತ್ತಬಹುದು. ಬೆರಕೆ ಬೇಡವೆನ್ನುವವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಕಡೆ ನೋಡಲಿ. 1990ರ ದಶಕದಲ್ಲಿ ಅಲ್ಲಿಂದ ಬಂದ ಕೆಆರ್‌ಎಚ್-2 ಭತ್ತ ಹೈಬ್ರಿಡ್ಡೇ ತಾನೆ? ಮಳವಳ್ಳಿ, ಮದ್ದೂರಿನ ರೇಷ್ಮೆ ಬೆಳೆಗಾರ ಸಾಕುವ ಹುಳುವೂ ಮಿಶ್ರತಳಿಯೇ ತಾನೆ? ಹೌದು. ಬೆರಕೆಯೇ ಪಾಪ ಎನ್ನುವ ವಾದ ನನ್ನದಲ್ಲ. ಆದರೆ ಕೆಆರ್‌ಎಚ್-2ರ ತಾಯಿ ಸಾಲು ಫಿಲಿಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಬಂದದ್ದು, ತಂದೆ ಸಾಲು ಕೆಎಂಆರ್-3 ಮಂಡ್ಯದಲ್ಲೇ ಸಿದ್ಧವಾದದ್ದು. ಎರಡನ್ನೂ ಜನ ಹೊಲದಲ್ಲಿ ಬೇರೆ ಬೇರೆಯಾಗಿ ಉಳಿಸಿಕೊಂಡು ಬರುತ್ತಾರೆ. ರೇಷ್ಮೆಯಲ್ಲಿ ಶುದ್ಧ ಮೈಸೂರು ತಳಿಯ ಹೆಣ್ಣು ಪತಂಗಕ್ಕೆ ದ್ವಿತಳಿಯ ಗಂಡನ್ನು ಕೂಡಿಸುತ್ತಾರೆ. ಆ ಮೈಸೂರು ತಳಿ ಕೆಡಬಾರದೆಂದು ಬಿತ್ತನೆ ಪ್ರದೇಶಗಳನ್ನೇ ಪ್ರತ್ಯೇಕಿಸಿ, 1959ರಲ್ಲಿ ಮೈಸೂರು ರಾಜ್ಯ ಕಾಯಿದೆಯನ್ನೂ ಮಾಡಿತು. ಅಂದರೆ ಒಳ್ಳೆಯ ಮಿಶ್ರತಳಿಯ ಹಿಂದೆ ಶುದ್ಧ ತಳಿಯನ್ನು ಕಾಯುವ ದೊಡ್ಡ ವ್ಯವಸ್ಥೆಯೇ ಇರುತ್ತದೆ. ಬೆರಕೆ ಫಿಂಚ್‌ನ ಹಿಂದೆ ಅಂಥದ್ದೇನೂ ಇಲ್ಲ. ಅಲ್ಲಿ ತಂದೆತಾಯಿಯಲ್ಲಿ ಒಂದು ಪಂಜರದ್ದಾದರೆ ಇನ್ನೊಂದು ಗದ್ದೆಯದು. ಗದ್ದೆಯ ಹಕ್ಕಿ ಮುಗಿದರೆ ಮತ್ತೆ ತುಂಬಿಕೊಡುವ ಬಿತ್ತನೆ ಕೇಂದ್ರ ಎಲ್ಲಿಯೂ ಇಲ್ಲ.

ಬೆರಕೆ ಹಕ್ಕಿ ಬಂಜೆ, ಅದರಿಂದ ಏನು ಕೆಡುಕು ಎನ್ನುವ ಮಾತೂ ಇದೆ. ಇದು ಅರ್ಧ ಸತ್ಯ. ಎರಡು ಜಾತಿ ಕೂಡಿದಾಗ ಬಂಜೆತನ ಮೊದಲು ಕಾಣುವುದು ಎರಡು ಬಗೆಯ ಲಿಂಗ ವರ್ಣತಂತುಗಳಿರುವ ಲಿಂಗದಲ್ಲಿ ಎಂದು ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲಿ ನಿಯಮ ಹೇಳಿದರು. ಹಕ್ಕಿಗಳಲ್ಲಿ ಆ ಲಿಂಗ ಹೆಣ್ಣು. ಆದ್ದರಿಂದ ಹೆಣ್ಣು ಬೆರಕೆ ಬಂಜೆಯಾದರೂ ಗಂಡು ಎಷ್ಟೋ ಸಲ ಫಲವಂತವಾಗಿರುತ್ತದೆ. ಕೆಂಪು ಕೆನರಿ ಸಾಧ್ಯವಾದದ್ದೇ ಅಂಥ ಗಂಡುಗಳಿಂದ. ಬೆಂಗಾಲೀಸ್ ಮತ್ತು ಬಿಳಿಬೆನ್ನಿನ ರಾಟವಾಳದ ನಡುವೆ ಈ ತಡೆಯೂ ಇಲ್ಲ, ಅವು ಒಂದೇ ಜಾತಿ. ಇನ್ನು ಬೆರಕೆ ನಿಜಕ್ಕೂ ಬಂಜೆಯಾಗಿದ್ದರೆ ಕಾಡಿಗೆ ಆಗುವ ನಷ್ಟ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಪ್ರತಿ ಹೊಸ ಮರಿಗೂ ಮತ್ತೆ ಒಂದು ಕಾಡುಹಕ್ಕಿಯನ್ನು ಹಿಡಿಯಬೇಕಾಗುತ್ತದೆ.

ರಾಟವಾಳ ಬೆಳೆಗೆ ಬೀಳುವ ಹಕ್ಕಿ, ನಾಲ್ಕು ಹಿಡಿದರೆ ತಪ್ಪೇನು ಎಂದು ರೈತರು ಕೇಳಿದರೆ ಅದನ್ನು ತಳ್ಳಿಹಾಕಬಾರದು. ಹಾಲುಗಾಳಿನ ಹೊತ್ತಿಗೆ ಹಿಂಡು ಬಿದ್ದರೆ ನಷ್ಟವಾಗುವುದು ನಿಜ. ಹೊಲದಲ್ಲಿ ಮಂಚಿಕೆ ಕಟ್ಟಿ, ಕವಣೆ ಹಿಡಿದು ಹಕ್ಕಿ ಕಾಯುವ ರೂಢಿ ಹುಟ್ಟಿದ್ದು ಅದಕ್ಕೇ. ಆದರೆ ಆ ರೂಢಿ ಹಕ್ಕಿಯನ್ನು ಓಡಿಸುತ್ತಿತ್ತು, ಸಂತೆಗೆ ಒಯ್ಯುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಗೆ, ಇಲಿ, ಬಾವಲಿಗಳನ್ನು ಪೀಡೆಯ ಪಟ್ಟಿಗೆ ಹಾಕಿದಾಗಲೂ ರಾಟವಾಳವನ್ನು ಅಲ್ಲಿ ಸೇರಿಸಲಿಲ್ಲ. ನಷ್ಟ ಸಹಿಸಿ ಹಕ್ಕಿಯನ್ನು ಉಳಿಸಿಕೊಂಡ ಉದಾಹರಣೆ ಮದ್ದೂರು ತಾಲ್ಲೂಕಿನಲ್ಲೇ ಇದೆ. ಕೊಕ್ಕರೆ ಬೆಳ್ಳೂರಿನ ಮನೆಯಂಗಳದ ಹುಣಸೆಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹುಣಸೆ ಫಸಲು ಹೋದರೂ ಊರಿನವರು ಅವನ್ನು ಓಡಿಸಲಿಲ್ಲ. ಹಿಕ್ಕೆಯನ್ನು ಗೊಬ್ಬರವಾಗಿಸಿಕೊಂಡರು, ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂದು ನಂಬಿದರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇದನ್ನು ಹೊರಗಿನ ಲೋಕದ ಗಮನಕ್ಕೆ ತಂದರು. ಆಮೇಲೆ ಮರದ ಒಡೆಯರಿಗೆ ಪರಿಹಾರ ಸಿಗುವಂತಾಯಿತು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಕಾನೂನು ಬಂದದ್ದು ಜನರ ನಡವಳಿಕೆಯ ಹಿಂದೆ.

ಕಾನೂನಿನಿಂದ ಪೆಟ್ಟು ತಿಂದವರನ್ನು ಇಲ್ಲಿ ನೆನೆಯದಿದ್ದರೆ ಈ ವಾದ ನ್ಯಾಯವಾಗುವುದಿಲ್ಲ. ಹಕ್ಕಿ ಹಿಡಿದು ಬಾಳುತ್ತಿದ್ದ ಹಕ್ಕಿಪಿಕ್ಕಿಗಳ ಕುಲವೃತ್ತಿ 1972ರ ನಂತರ ಅಪರಾಧವಾಯಿತು. 1990ರ ದಶಕದ ಮೊದಲಿಗೆ ದೇಶದ ಎಲ್ಲ ಕಾಡುಹಕ್ಕಿಗಳ ವ್ಯಾಪಾರಕ್ಕೂ ನಿಷೇಧ ಬಂತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋದರು, 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡು ಸುದ್ದಿಯಾದರು. ಬಲೆ ಹಾಕುವವನಿಗೆ ಕೇಸು ಬೀಳುತ್ತದೆ. ಹಕ್ಕಿ ಬೇಕೆನ್ನುವ ಪಟ್ಟಣದ ಗಿರಾಕಿಯ ಹೆಸರು ಎಲ್ಲೂ ಬರುವುದಿಲ್ಲ. ಬೆರಕೆಗೆಂದು ರಾಟವಾಳ ಕೇಳುವವರು ಬಡವರ ಕೈಯಲ್ಲಿ ತಪ್ಪು ಮಾಡಿಸಿ ಬಹುಮಾನವನ್ನು ತಾವು ಪಡೆಯುತ್ತಾರೆ. ನನ್ನ ಸಿಟ್ಟು ಇರುವುದು ಇದರ ಮೇಲೆ.

ಸಾಕಿದವರೇ ಹಕ್ಕಿಯನ್ನು ಪ್ರೀತಿಸಲು ಕಲಿಯುತ್ತಾರೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ನವಣೆ ಹಾಕಿ, ಗೂಡಿಗೆ ಮಡಕೆ ಕಟ್ಟಿ, ಮೊಟ್ಟೆ ಒಡೆಯುವುದನ್ನು ಕಾಯುವ ಮಗುವಿಗೆ ಅದು ಒಳ್ಳೆಯ ಪಾಠವೇ. ಆ ಪಾಠಕ್ಕೆ ಜೀಬ್ರಾ ಫಿಂಚ್ ಸಾಕು, ಬೆಂಗಾಲೀಸ್ ಸಾಕು. ಪ್ರದರ್ಶನ ಬೇಕೆನ್ನುವವರು ಪಂಜರದಲ್ಲೇ ಹುಟ್ಟಿದ ತಲೆಮಾರುಗಳ ಲೆಕ್ಕ ಇಟ್ಟು, ಜೋಡಿಯ ವಂಶ ಹೇಳಬಲ್ಲ ಹಕ್ಕಿಗಳನ್ನಷ್ಟೇ ಕಣಕ್ಕೆ ಬಿಡಲಿ. ಹಳ್ಳಿಕಾರ್ ಹೋರಿಯ ತಾಯಿ ಯಾವುದೆಂದು ಕೇಳುವ ಸೀಮೆಯಲ್ಲಿ ಇದು ಕಷ್ಟದ ನಿಯಮವೇನಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಬಣ್ಣಬಣ್ಣದ ಪುಟ್ಟ ಹಕ್ಕಿ ತೋರಿಸಿದರೆ ರೆಕ್ಕೆಯ ಬುಡ ನೋಡಿ, ಕಾಡಿನ ರಾಟವಾಳಕ್ಕೇ ಬಣ್ಣ ಹಚ್ಚಿ ಮಾರುವ ಮೋಸ ಈ ದೇಶದಲ್ಲಿ ನಡೆದುಬಂದಿದೆ. ಅಂಥ ಜೋಡಿಯನ್ನು ಕನಿಕರಕ್ಕೂ ಕೊಳ್ಳಬೇಡಿ, ಒಂದನ್ನು ಬಿಡಿಸಿದರೆ ಇನ್ನೊಂದನ್ನು ಹಿಡಿದು ತರುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ.