ವೀವಾ: ಒಂದು ಗೀತವಾಹಿನಿಯ ಉದಯಾಸ್ತ

ಹಗಲಿರುಳೂ ಹಾಡುಗಳ ದೃಶ್ಯಗಳನ್ನೇ ತೋರಿಸುತ್ತ ಒಂದು ದೂರದರ್ಶನ ವಾಹಿನಿ ಬಾಳಬಲ್ಲುದೆಂಬುದನ್ನು ಲೋಕಕ್ಕೆ ಮನಗಾಣಿಸಿದ್ದು 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಆರಂಭವಾದ ಎಂಟಿವಿ. ಅದಾಗಿ ಸರಿಯಾಗಿ ಆರು ವರ್ಷಕ್ಕೆ ಅದರ ಯೂರೋಪು ಶಾಖೆ ಜನ್ಮತಾಳಿತು. ಲಂಡನ್ನಿನಲ್ಲಿ ನೆಲೆನಿಂತು, ಇಂಗ್ಲಿಷಿನಲ್ಲಿ ಮಾತನಾಡುತ್ತ, ಇಡೀ ಖಂಡಕ್ಕೆ ಒಂದೇ ಪ್ರಸಾರವನ್ನು ಕಳುಹಿಸುತ್ತಿದ್ದ ಆ ಶಾಖೆಯಲ್ಲಿ ಜರ್ಮನ್ ಭಾಷೆಯ ಹಾಡಿಗೆ ದೊರೆತ ಎಡೆ ಅತ್ಯಲ್ಪ. ಜರ್ಮನಿಯ ಸಾರ್ವಜನಿಕ ದೂರದರ್ಶನದಲ್ಲಿ 1983ರಿಂದ ‘ಫಾರ್ಮೆಲ್ ಐನ್ಸ್’ ಎಂಬ ಗೀತಕಾರ್ಯಕ್ರಮವೊಂದಿತ್ತು. 1990ರಲ್ಲಿ ಅದೂ ನಿಂತುಹೋಯಿತು.

ಈ ಕೊರತೆಯನ್ನು ತುಂಬಲು ಮುಂದೆ ಬಂದವರು ಧ್ವನಿಮುದ್ರಣದ ವರ್ತಕರು. ಸೋನಿ, ವಾರ್ನರ್, ಪಾಲಿಗ್ರಾಮ್, ಇ.ಎಂ.ಐ. ಎಂಬ, ಮಾರುಕಟ್ಟೆಯಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾಗಿದ್ದ ಸಂಸ್ಥೆಗಳು ಒಂದೇ ಬಂಡವಾಳದಲ್ಲಿ ಪಾಲುಗೊಂಡ ಫಲವಾಗಿ, 1993ರ ಡಿಸೆಂಬರ್ 1ರಂದು, ರೈನ್ ನದಿಯ ದಡದ ಕೊಲೋನ್ ನಗರದಲ್ಲಿ ‘ವೀವಾ’ ಉದಯಿಸಿತು. ಅದರ ಸಾರಥ್ಯ ವಹಿಸಿದವರು ಡೀಟರ್ ಗೋರ್ನಿ. ಮೊದಲ ಹಾಡು ಸ್ಟುಟ್‌ಗಾರ್ಟಿನ ‘ಡೀ ಫಾಂಟಾಸ್ಟಿಷೆನ್ ಫೀರ್’ ತಂಡದ್ದು. ಅಮೆರಿಕದ ಕರಿಯರ ಬೀದಿಗಳಲ್ಲಿ ಹುಟ್ಟಿದ ರ್‍ಯಾಪ್ ಜರ್ಮನ್ ನುಡಿಗೂ ಒಗ್ಗೀತೆಂದು ತೋರಿಸಿಕೊಟ್ಟವರಲ್ಲಿ ಈ ನಾಲ್ವರು ಅಗ್ರಗಣ್ಯರಾದಕಾರಣ, ಆ ಆಯ್ಕೆಯಲ್ಲೇ ವಾಹಿನಿಯ ಸಂಕಲ್ಪವೆಲ್ಲ ಅಡಗಿತ್ತೆನ್ನಬಹುದು.

ನಿರೂಪಕರು ಎಳೆಯರು. ಹೈಕೆ ಮಕಾಚ್ ಮುಂದೆ ಚಲನಚಿತ್ರಗಳ ನಟಿಯಾದರು. ಕಟುಕನ ಕಸುಬನ್ನು ಕಲಿತಿದ್ದ ಕೊಲೋನಿನ ಷ್ಟೆಫಾನ್ ರಾಬ್ ಇಲ್ಲಿಂದಲೇ ಮೇಲೆದ್ದು ದೇಶದ ಹೆಸರಾಂತ ವಿನೋದಕಾರರಾದರು. ಅಪರಾಹ್ನದ ‘ಇಂಟರಾಕ್ಟಿವ್’ ಕಾರ್ಯಕ್ರಮಕ್ಕೆ ಶಾಲೆಯಿಂದ ಮರಳಿದ ಮಕ್ಕಳು ದೂರವಾಣಿ ಮಾಡಿ ಮೆಚ್ಚಿನ ಹಾಡನ್ನು ಬೇಡುವರು. ಹಾಡಿನ ಆದಿಯಲ್ಲೂ ಅಂತ್ಯದಲ್ಲೂ ಪರದೆಯ ಕೆಳಮೂಲೆಯಲ್ಲಿ ಗಾಯಕರ ಹೆಸರು, ಹಾಡಿನ ಹೆಸರು, ಧ್ವನಿಮುದ್ರಿಕೆಯ ಹೆಸರು ಕೆಲವೇ ಕ್ಷಣ ಮೂಡಿ ಮರೆಯಾಗುತ್ತಿದ್ದುವು. ಅಷ್ಟರೊಳಗೆ ಅದನ್ನು ಓದಿಕೊಳ್ಳಬೇಕು, ತಪ್ಪಿದರೆ ಅದೇ ಹಾಡು ಮತ್ತೆ ಬರುವವರೆಗೂ ಕಾಯಬೇಕು. ನಮ್ಮಲ್ಲಿ ‘ಚಿತ್ರಮಂಜರಿ’ಗಾಗಿ ವಾರವಿಡೀ ಕಾದವರಿಗೆ ಆ ಕಾಯುವಿಕೆಯ ಸವಿಯನ್ನು ವಿವರಿಸಿ ಹೇಳಬೇಕಾದುದಿಲ್ಲ. ರ್‍ಯಾಪಿಗೊಂದು, ಟೆಕ್ನೋಗೊಂದು ಎಂಬಂತೆ ಒಂದೊಂದು ಪಂಥಕ್ಕೂ ಅದನ್ನು ಬಲ್ಲವರೇ ನಡೆಸುವ ಕಾರ್ಯಕ್ರಮವೊಂದು ಮೀಸಲಾಯಿತು. ಈ ಪೈಪೋಟಿಗೆ ಮಣಿದು ಎಂಟಿವಿ ಕೂಡ 1997ರಲ್ಲಿ ಜರ್ಮನ್ ಭಾಷೆಯ ಪ್ರಸಾರವನ್ನು ಪ್ರಾರಂಭಿಸಿತು. ಸ್ವಭಾಷೆಯ ಪಾಲಿಗೆ ಇದಕ್ಕಿಂತ ದೊಡ್ಡ ಜಯವಿರಲಾರದು.

ನನ್ನ ಎಣಿಕೆಯಲ್ಲಿ ವೀವಾದ ಅತ್ಯುತ್ತಮ ಕೃತಿಯೆಂದರೆ 1995ರಲ್ಲಿ ಹುಟ್ಟಿದ ಅದರ ತಂಗಿ, ‘ವೀವಾ ಸ್ವೈ’. ಜನಪ್ರಿಯತೆಯ ಪಟ್ಟಿಯನ್ನು ಲೆಕ್ಕಿಸದೆ, ಒಳ್ಳೆಯದೆಂದು ತೋರಿದ್ದನ್ನು ಧೈರ್ಯವಾಗಿ ಮುಂದಿಡುತ್ತಿದ್ದ ವಾಹಿನಿಯದು. ಷಾರ್ಲೊಟ್ ರೋಷ್ ತಮ್ಮ ‘ಫಾಸ್ಟ್ ಫಾರ್ವರ್ಡ್’ ಕಾರ್ಯಕ್ರಮದಿಂದ ಹೆಸರಾದದ್ದು ಅಲ್ಲಿಯೇ. 2002ರಲ್ಲಿ ಅದನ್ನು ಮುಚ್ಚಲಾಯಿತು. ವಿವೇಚನೆಯುಳ್ಳ ಆ ಅಂಗ ಕಡಿದುಬಿದ್ದಂದೇ ವೀವಾದ ಅವಸಾನ ಮೊದಲಾಯಿತೆಂದು ನಾನು ಭಾವಿಸುತ್ತೇನೆ. 

2000ದಲ್ಲಿ ಷೇರುಪೇಟೆಗೆ ಇಳಿದಿದ್ದ ಸಂಸ್ಥೆಯನ್ನು 2004ರಲ್ಲಿ ಎಂಟಿವಿಯ ಒಡೆಯರಾದ ವಯಾಕಾಮ್‌ನವರೇ ಕೊಂಡರು. ಯಾರ ಎದುರಾಳಿಯಾಗಿ ಹುಟ್ಟಿತೋ ಅವರ ಸೊತ್ತಾದ ವೀವಾ, ಮರುವರ್ಷ ಕೊಲೋನನ್ನು ತೊರೆದು ಬರ್ಲಿನ್ನಿಗೆ ಹೋಯಿತು. ಆ ಕಾಲದಲ್ಲೇ ಎರಡು ಹಾಡುಗಳ ನಡುವಣ ಅವಕಾಶವನ್ನೆಲ್ಲ ಮೊಬೈಲಿನ ಕರೆಗಂಟೆಗಳ ಜಾಹೀರಾತು ಆಕ್ರಮಿಸಿಕೊಂಡಿತು. ಹಳದಿ ಬಣ್ಣದ ಕೋಳಿಮರಿಯೊಂದು ಪರದೆಯ ಮೇಲೆ ಕೀಚುದನಿಯಲ್ಲಿ ಹಾಡುವುದು, ಪಕ್ಕದಲ್ಲಿ ಸಂದೇಶ ಕಳುಹಿಸಬೇಕಾದ ಸಂಖ್ಯೆ, ಚಂದಾದ ವಿವರ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ; ಎಳೆಯರ ವಿಶ್ವಾಸವನ್ನು ಗಳಿಸಿದ್ದ ವಾಹಿನಿ ಆ ಎಳೆಯರನ್ನೇ ಹೀಗೆ ಮಾರಾಟಕ್ಕಿಟ್ಟದ್ದು ಅಕ್ಷಮ್ಯ.

ಯೂಟ್ಯೂಬ್ ಬಂದದ್ದೇ ಈ ವಾಹಿನಿಗಳ ಮರಣಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಬೇಕೆಂದ ಹಾಡು ಬೇಕೆಂದ ಗಳಿಗೆಯಲ್ಲಿ ದೊರೆಯುವಾಗ ಕಾಯುವವರಾರು ಎಂಬ ಮಾತಿನಲ್ಲಿ ಸತ್ಯಾಂಶ ಉಂಟು. ಆದರೆ ಜರ್ಮನಿಯ ಪರಿಸ್ಥಿತಿ ಬೇರೆಯಾಗಿತ್ತು. ಸಂಗೀತದ ಹಕ್ಕುಗಳನ್ನು ಕಾಯುವ ಗೇಮಾ ಸಂಘಕ್ಕೂ ಯೂಟ್ಯೂಬಿಗೂ ಸಂಭಾವನೆಯ ವಿಷಯದಲ್ಲಿ ವಿವಾದವೆದ್ದು, 2009ರಿಂದ 2016ರವರೆಗೆ ಅಸಂಖ್ಯಾತ ಗೀತದೃಶ್ಯಗಳು ಆ ದೇಶದವರಿಗೆ ಅಲ್ಲಿ ಕಾಣುತ್ತಲೇ ಇರಲಿಲ್ಲ. ಸಮೀಪದ ಪ್ರತಿಸ್ಪರ್ಧಿಯ ಕೈ ಹೀಗೆ ಕಟ್ಟಿಹಾಕಿದ್ದ ಏಳು ವರ್ಷಗಳು ವೀವಾಕ್ಕೆ ವರವಾಗಬಹುದಾಗಿತ್ತು. ಅದಾದರೋ ಆ ಅವಧಿಯಲ್ಲಿ ಧಾರಾವಾಹಿಗಳನ್ನೂ ವ್ಯಂಗ್ಯಚಿತ್ರಗಳನ್ನೂ ತೋರಿಸುತ್ತ ಕಾಲ ಕಳೆಯಿತು; 2014ರಿಂದ ತನ್ನ ಸಂಜೆ-ರಾತ್ರಿಗಳನ್ನು ಕಾಮಿಡಿ ಸೆಂಟ್ರಲ್ ವಾಹಿನಿಗೆ ಬಿಟ್ಟುಕೊಟ್ಟು ಹಗಲಿನ ವಾಹಿನಿಯಾಗಿ ಉಳಿಯಿತು.

2018ರ ಡಿಸೆಂಬರ್ 31ರ ಮಧ್ಯಾಹ್ನ 2 ಗಂಟೆಗೆ ವೀವಾದ ಪ್ರಸಾರ ನಿಂತಿತು. ಕೊನೆಯದಾಗಿ ತೋರಿಸಿದ್ದು, ಇಪ್ಪತ್ತೈದು ವರ್ಷಗಳ ಹಿಂದೆ ಆರಂಭದಲ್ಲಿ ತೋರಿಸಿದ್ದ, ಸ್ಟುಟ್‌ಗಾರ್ಟಿನ ಆ ನಾಲ್ವರ ಹಾಡನ್ನೇ.