ಯಾರು ಗೆದ್ದರು? ಯಾವ ಊರಿನಲ್ಲಿ?

ಸೆಗಾ ಗೆದ್ದಿತೋ, ನಿಂಟೆಂಡೋ ಗೆದ್ದಿತೋ? 1990ರ ದಶಕದ ಆರಂಭದಲ್ಲಿ ಅಮೆರಿಕದ ಶಾಲಾ ಮೈದಾನಗಳಲ್ಲಿ ಎದ್ದ ಈ ಜಗಳ ಇನ್ನೂ ಮುಗಿದಿಲ್ಲ. ಅಂದು ಜಗಳವಾಡಿದ ಹುಡುಗರ ತಲೆ ಈಗ ನರೆತಿದೆ. ಅವರ ಮಕ್ಕಳು ಬೇರೆ ಯಂತ್ರಗಳಲ್ಲಿ ಆಡುತ್ತಿದ್ದಾರೆ. ಆದರೂ ಹಳೆಯ ಮಾತು ಬಂದರೆ ಸಾಕು, ಅಪ್ಪಂದಿರು ತೋಳೇರಿಸುತ್ತಾರೆ. ಆಟಿಕೆಯ ವಿಚಾರಕ್ಕೆ ಇಷ್ಟು ಆವೇಶವೇ ಎಂದು ನಗುವವರು ನಗಲಿ. ಗೆಲುವು ಸೋಲುಗಳ ಲೆಕ್ಕವನ್ನು ಚರಿತ್ರೆ ಹೇಗೆ ಹಾಕುತ್ತದೆ, ಯಾರನ್ನು ಲೆಕ್ಕದಿಂದ ಹೊರಗೆ ಬಿಡುತ್ತದೆ ಎಂದು ತಿಳಿಯಲು ಇದೊಂದು ಒಳ್ಳೆಯ ಪ್ರಕರಣ.

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಕನ್ಸೋಲ್ ಎನ್ನುತ್ತಾರೆ. ಐದಾರು ವರ್ಷಕ್ಕೊಮ್ಮೆ ಹಳೆಯ ಯಂತ್ರಗಳು ಹಿಂದೆ ಸರಿದು ಹೊಸವು ಬರುತ್ತವೆ. ಅದಕ್ಕೆ 'ತಲೆಮಾರು' ಎಂದು ಹೆಸರು. ಈ ಜಗಳ ಹುಟ್ಟಿದ್ದು 16 ಬಿಟ್ ತಲೆಮಾರಿನಲ್ಲಿ. ಕಾದಾಡಿದ ಎರಡೂ ಕಂಪೆನಿಗಳು ಜಪಾನಿನವು. ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟು ಎಲೆ ಮಾಡುವ ಅಂಗಡಿಯಾಗಿ ಶುರುವಾದದ್ದು. ಸೆಗಾದ ಬೇರು ಅಮೆರಿಕದ ಸೈನಿಕ ನೆಲೆಗಳಿಗೆ ಕಾಸು ಹಾಕಿ ಆಡುವ ಯಂತ್ರಗಳನ್ನು ಒದಗಿಸುತ್ತಿದ್ದ 'ಸರ್ವಿಸ್ ಗೇಮ್ಸ್' ಎಂಬ ವ್ಯಾಪಾರದಲ್ಲಿದೆ. ಆ ಎರಡು ಪದಗಳ ಮೊದಲ ಅಕ್ಷರಗಳೇ ಕೂಡಿ 'ಸೆಗಾ' ಆಯಿತು.

1980ರ ದಶಕದ ಕೊನೆಗೆ ಅಮೆರಿಕದಲ್ಲಿ ಈ ವ್ಯಾಪಾರದ ಹತ್ತರಲ್ಲಿ ಒಂಬತ್ತು ಪಾಲು ನಿಂಟೆಂಡೋದ ಕೈಯಲ್ಲಿತ್ತು. ಅದರ ಯಂತ್ರಕ್ಕೆ ಆಟ ಬರೆಯುವವರು ವರ್ಷಕ್ಕೆ ಇಂತಿಷ್ಟೇ ಆಟ ತರಬೇಕು, ಆ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಕೂಡದು, ಕ್ಯಾಸೆಟ್ಟನ್ನೂ ನಿಂಟೆಂಡೋ ಮೂಲಕವೇ ಮಾಡಿಸಬೇಕು ಎಂಬ ಕಟ್ಟಳೆಗಳಿದ್ದವು. ಇಂಥ ಕೋಟೆಗೆ ಸೆಗಾ ಏಣಿ ಹಾಕಿತು. 1988ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ 'ಮೆಗಾ ಡ್ರೈವ್' ಎಂದು ಹೊರಬಂದ ಯಂತ್ರ ಮರುವರ್ಷ ಅಮೆರಿಕದಲ್ಲಿ 'ಜೆನೆಸಿಸ್' ಎಂಬ ಹೆಸರು ಹೊತ್ತಿತು. ನಿಂಟೆಂಡೋದ ಉತ್ತರವಾದ 'ಸೂಪರ್ ಫ್ಯಾಮಿಕಾಮ್' ಜಪಾನಿಗೆ 1990ರ ನವೆಂಬರಿನಲ್ಲಿ, ಅಮೆರಿಕಕ್ಕೆ 'ಸೂಪರ್ ನಿಂಟೆಂಡೋ' ಆಗಿ 1991ರಲ್ಲಿ ಬಂತು.

1990ರಲ್ಲಿ ಸೆಗಾದ ಅಮೆರಿಕ ಶಾಖೆಗೆ ಟಾಮ್ ಕಲಿನ್‌ಸ್ಕಿ ಮುಖ್ಯಸ್ಥರಾದರು. ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪೆನಿಯಲ್ಲಿ ಪಳಗಿದ್ದ ಮನುಷ್ಯ. ಯಂತ್ರದ ಬೆಲೆ ಇಳಿಸಿ, ಹೊಸ ಆಟ 'ಸೋನಿಕ್' ಅನ್ನು ಅದರ ಜೊತೆಗೇ ಕೊಟ್ಟುಬಿಡಿ, ಆಟಗಳನ್ನು ಅಮೆರಿಕದಲ್ಲೇ ಮಾಡಿಸಿ, ಜಾಹೀರಾತಿನಲ್ಲಿ ನಿಂಟೆಂಡೋವನ್ನು ಹೆಸರು ಹಿಡಿದೇ ಹಂಗಿಸಿ ಎಂದರು. ಟೋಕಿಯೋದ ಹಿರಿಯರಿಗೆ ಇದು ಹುಚ್ಚಾಟವಾಗಿ ಕಂಡಿತಂತೆ. ಕಂಪೆನಿಯ ಅಧ್ಯಕ್ಷ ಹಯಾವೊ ನಕಾಯಾಮಾ ಮಾತ್ರ ಒಪ್ಪಿದರು ಎಂದು ಕಲಿನ್‌ಸ್ಕಿ ಆಮೇಲೆ ಹೇಳಿಕೊಂಡಿದ್ದಾರೆ. 199 ಡಾಲರಿನ ಸೂಪರ್ ನಿಂಟೆಂಡೋ ಎದುರು ಸೋನಿಕ್ ಸಮೇತ 149 ಡಾಲರಿನ ಜೆನೆಸಿಸ್ ನಿಂತಿತು. ಆ ವರ್ಷದ ಕ್ರಿಸ್‌ಮಸ್ ವ್ಯಾಪಾರದಲ್ಲಿ ಸೆಗಾ ಮುಂದಿತ್ತು. ಮಾರಿಯೋ ಚಿಕ್ಕ ತಮ್ಮನ ಆಟ, ಸೋನಿಕ್ ಮೀಸೆ ಚಿಗುರುವ ಅಣ್ಣನ ಆಟ ಎಂಬ ಭಾವನೆಯನ್ನು ಜಾಹೀರಾತು ಬಿತ್ತಿತು. ಯಂತ್ರದ ಗುಣವೇನೂ ಅಷ್ಟು ಏಕಪಕ್ಷೀಯವಾಗಿರಲಿಲ್ಲ. ಸೆಗಾದ್ದು ಓಟದಲ್ಲಿ ಚುರುಕು. ಬಣ್ಣದಲ್ಲಿ ಬಡವ: ಅದು ಒಮ್ಮೆಗೆ 64 ಬಣ್ಣ ತೋರಿಸಿದರೆ ನಿಂಟೆಂಡೋದ್ದು 256 ತೋರಿಸುತ್ತಿತ್ತು.

1993ರ ಸೆಪ್ಟೆಂಬರಿನಲ್ಲಿ 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಆಟ ಎರಡೂ ಯಂತ್ರಗಳಿಗೆ ಒಂದೇ ದಿನ ಬಂತು. ನಿಂಟೆಂಡೋ ತನ್ನ ಆವೃತ್ತಿಯಲ್ಲಿ ರಕ್ತವನ್ನು ಬೂದು ಬಣ್ಣದ ಬೆವರಾಗಿಸಿತು. ಸೆಗಾ ರಕ್ತವನ್ನು ಅಡಗಿಸಿಟ್ಟಿತು, ತೆಗೆಯಲಿಲ್ಲ. ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಪರದೆಯ ಮೇಲೆ ನೆತ್ತರು ಚಿಮ್ಮುತ್ತಿತ್ತು, ಆ ಕ್ರಮ ಯಾವ ಹುಡುಗನಿಗೂ ಗುಟ್ಟಾಗಿರಲಿಲ್ಲ. ಸೆಗಾದ ಕ್ಯಾಸೆಟ್ಟೇ ಹೆಚ್ಚು ಮಾರಿತು. ಡಿಸೆಂಬರಿನಲ್ಲಿ ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ವಿಚಾರಣೆ ನಡೆಸಿದರು. ಎರಡೂ ಕಂಪೆನಿಗಳ ಅಧಿಕಾರಿಗಳು ಅಲ್ಲಿ ಪರಸ್ಪರ ಕೆಸರೆರಚಿದರು. ನಾವು ಶುದ್ಧ ಎಂದಿತು ನಿಂಟೆಂಡೋ. ನಾವಾದರೆ ಪೆಟ್ಟಿಗೆಯ ಮೇಲೆ ವಯಸ್ಸು ನಮೂದಿಸುತ್ತೇವೆ ಎಂದಿತು ಸೆಗಾ. 1994ರಲ್ಲಿ ಇಡೀ ಉದ್ಯಮಕ್ಕೆ ವಯೋಮಿತಿ ಗುರುತಿಸುವ ಮಂಡಳಿ ರಚನೆಯಾಯಿತು. ಅದೇ ವರ್ಷ ಬಂದ ಎರಡನೆಯ 'ಮಾರ್ಟಲ್ ಕಾಂಬ್ಯಾಟ್' ನಿಂಟೆಂಡೋದಲ್ಲಿಯೂ ಕೆಂಪು ರಕ್ತದೊಂದಿಗೇ ಬಂತು! ಯಾರು ಗೆದ್ದರು ಎಂದು ಕೇಳುವವರು ಈ ಒಂದು ವರ್ಷದ ಬದಲಾವಣೆಯನ್ನು ಅಂಕಿಗಳಷ್ಟೇ ಗಂಭೀರವಾಗಿ ನೋಡಬೇಕು. ವ್ಯಾಪಾರದಲ್ಲಿ ಎದುರಾಳಿಯ ದಾರಿಯನ್ನೇ ಹಿಡಿದವನು ಗೆದ್ದವನೇ? ಅಥವಾ ಗೆಲ್ಲುವುದಕ್ಕಾಗಿ ಮಕ್ಕಳ ಆಟದ ಹದ ತಪ್ಪಿಸಿದವನು ಗೆದ್ದವನೇ? ನನ್ನ ಮಟ್ಟಿಗೆ ಈ ಸುತ್ತಿನಲ್ಲಿ ಇಬ್ಬರೂ ಲಾಭದಲ್ಲಿದ್ದರು. ನಷ್ಟದ ಬಾಬತ್ತನ್ನು ಇಬ್ಬರೂ ಬರೆದಿಡಲಿಲ್ಲ.

ಇನ್ನು ಅಂಕಿ. ನಿಂಟೆಂಡೋ ಜಗತ್ತಿನಲ್ಲೆಲ್ಲ 4.91 ಕೋಟಿ ಯಂತ್ರ ಮಾರಿತು. ಸೆಗಾ ಸುಮಾರು ಮೂರು ಕೋಟಿ. ಇಲ್ಲಿಗೆ ವಾದ ಮುಗಿಯಿತು ಎನ್ನುವವರಿದ್ದಾರೆ. ಆದರೆ ಈ ಮೊತ್ತವನ್ನು ಬಿಡಿಸಿ ನೋಡಬೇಕು. ನಿಂಟೆಂಡೋದ ಯಂತ್ರಗಳಲ್ಲಿ 1.71 ಕೋಟಿ ಜಪಾನ್ ಒಂದರಲ್ಲೇ ಮಾರಿದವು. ಅಲ್ಲಿ ಸೆಗಾ ಎರಡನೆಯ ಸ್ಥಾನಕ್ಕೂ ಬರಲಿಲ್ಲ. ಆ ಸ್ಥಾನ ಎನ್‌ಇಸಿ ಕಂಪೆನಿಯ 'ಪಿಸಿ ಎಂಜಿನ್' ಯಂತ್ರದ್ದು. ಎಂದರೆ ಅಮೆರಿಕದ ಹುಡುಗರು ಪ್ರಾಣಬಿಟ್ಟು ಹೊಡೆದಾಡಿದ ಯುದ್ಧ ಆ ಕಂಪೆನಿಗಳ ತವರಿನಲ್ಲಿ ನಡೆಯಲೇ ಇಲ್ಲ. ಯುರೋಪಿಗೆ ಸೆಗಾ 1990ರಲ್ಲೇ ಕಾಲಿಟ್ಟಿತ್ತು, ನಿಂಟೆಂಡೋ 1992ರಲ್ಲಿ. ಅಲ್ಲಿ ಸೆಗಾದ ಮಾತು ನಡೆಯಿತು.

ಬ್ರೆಜಿಲಿನ ಕತೆಯಂತೂ ಬೇರೆಯೇ. ಆಮದಿಗೆ ಅಡ್ಡಿಗಳಿದ್ದ ಆ ದೇಶದಲ್ಲಿ ಟೆಕ್‌ಟಾಯ್ ಎಂಬ ಸ್ಥಳೀಯ ಕಂಪೆನಿ ಸೆಗಾದ ಯಂತ್ರಗಳನ್ನು ಅಲ್ಲೇ ತಯಾರಿಸಿತು. ಆಟಗಳಿಗೆ ಪೋರ್ಚುಗೀಸ್ ಮಾತು ಕೊಟ್ಟಿತು. ಸೆಗಾದ ಒಂದು ಹಳೆಯ ಆಟದ ನಾಯಕನನ್ನು ತೆಗೆದು, ಅಲ್ಲಿನ ಮಕ್ಕಳ ಪ್ರೀತಿಯ ಚಿತ್ರಕತೆಯ ಹುಡುಗಿ ಮೋನಿಕಾಳನ್ನು ಆ ಜಾಗದಲ್ಲಿ ನಿಲ್ಲಿಸಿತು. ಬ್ರೆಜಿಲಿನವರನ್ನು ಈ ಪ್ರಶ್ನೆ ಕೇಳಿದರೆ ಸೆಗಾ ಎಂದು ಬಾಯಿಬಿಡುವುದರಲ್ಲಿ ಆಶ್ಚರ್ಯವಿಲ್ಲ. 2017ರಲ್ಲಿ ಟೆಕ್‌ಟಾಯ್ ಮೆಗಾ ಡ್ರೈವನ್ನು ಕ್ಯಾಸೆಟ್ ತೂರಿಸುವ ಕಿಂಡಿಯ ಸಮೇತ ಮತ್ತೆ ಮಾರುಕಟ್ಟೆಗೆ ತಂದಿತು. ಹೀಗೆ ಪರವಾನಗಿ ಪಡೆದವರು ಮಾಡಿದ ಯಂತ್ರಗಳನ್ನು ಸೆಗಾದ ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ ಎಂಬುದೇ ಒಂದು ವ್ಯಾಜ್ಯ. ಸೇರಿಸಿದರೂ ಒಟ್ಟು ಮೊತ್ತದಲ್ಲಿ ನಿಂಟೆಂಡೋವೇ ಮೇಲು.

ಅಮೆರಿಕದಲ್ಲಿ ಗೆಲ್ಲುತ್ತಿದ್ದ ಸೆಗಾ ಯಾಕೆ ಹಿಂದೆ ಬಿತ್ತು? 1994ರ ನವೆಂಬರಿನಲ್ಲಿ ನಿಂಟೆಂಡೋ 'ಡಾಂಕಿ ಕಾಂಗ್ ಕಂಟ್ರಿ' ತಂದು ಹಳೆಯ ಯಂತ್ರಕ್ಕೆ ಹೊಸ ಉಸಿರು ಕೊಟ್ಟಿತು. ಅದೇ ತಿಂಗಳು ಸೆಗಾ ತನ್ನ ಯಂತ್ರದ ತಲೆಯ ಮೇಲೆ ಕೂರಿಸುವ '32ಎಕ್ಸ್' ಎಂಬ ಉಪಕರಣವನ್ನು ಅಮೆರಿಕದಲ್ಲಿ ಮಾರಿತು. ಜಪಾನಿನಲ್ಲಿ 'ಸ್ಯಾಟರ್ನ್' ಎಂಬ ಹೊಚ್ಚಹೊಸ ಯಂತ್ರವನ್ನೇ ಬಿಟ್ಟಿತು. ಒಂದೇ ಮನೆಯ ಎರಡು ಒಲೆ. ಜಪಾನಿನಲ್ಲಿ ಸೋತ ಯಂತ್ರವನ್ನು ಕೈಬಿಡಲು ಟೋಕಿಯೋಗೆ ಅವಸರ. ಅದೇ ಯಂತ್ರ ಅಮೆರಿಕದಲ್ಲಿ ಅನ್ನ ಕೊಡುತ್ತಿತ್ತು ಎಂಬುದು ಅವರಿಗೆ ಗಣನೆಗೆ ಬರಲಿಲ್ಲ. ಸೆಗಾವನ್ನು ಸೋಲಿಸಿದ್ದು ನಿಂಟೆಂಡೋಗಿಂತ ಹೆಚ್ಚಾಗಿ ಸೆಗಾ ಎಂದೇ ನಾನು ತಿಳಿಯುತ್ತೇನೆ.

ಅಷ್ಟರಲ್ಲಿ ಮೂರನೆಯವನು ಬಂದಿದ್ದ. 1991ರಲ್ಲಿ ಸೋನಿ ಕಂಪೆನಿ ನಿಂಟೆಂಡೋ ಜೊತೆ ಸೇರಿ ಸಿಡಿ ಬಳಸುವ ಯಂತ್ರ ಮಾಡುವುದಾಗಿ ಷಿಕಾಗೋದ ಮೇಳದಲ್ಲಿ ಪ್ರಕಟಿಸಿತು. ಮರುದಿನವೇ ನಿಂಟೆಂಡೋ ಫಿಲಿಪ್ಸ್ ಜೊತೆ ಕೈಜೋಡಿಸಿರುವುದಾಗಿ ಸಾರಿತು. ತುಂಬಿದ ಸಭೆಯಲ್ಲಿ ಆದ ಆ ಮುಖಭಂಗದ ಫಲವಾಗಿ ಸೋನಿಯ ಕೆನ್ ಕುತರಾಗಿ ಸ್ವಂತ ಯಂತ್ರ ಕಟ್ಟಿದರು. ಅದೇ 1994ರ ಡಿಸೆಂಬರಿನ 'ಪ್ಲೇಸ್ಟೇಷನ್'. 1995ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸ್ಯಾಟರ್ನ್ ಬೆಲೆ 399 ಡಾಲರ್ ಎಂದು ಸೆಗಾ ಘೋಷಿಸಿದ ದಿನವೇ ಸೋನಿಯ ಅಧಿಕಾರಿ ವೇದಿಕೆ ಹತ್ತಿ 299 ಎಂಬ ಅಂಕಿಯನ್ನಷ್ಟೇ ಹೇಳಿ ಇಳಿದುಬಂದರು. ಪ್ರೇಮಚಂದರ ಚದುರಂಗದ ಕತೆಯಲ್ಲಿ ಮೀರ್ ಮತ್ತು ಮಿರ್ಜಾ ಹಾಸಿನ ಮೇಲೆ ಬಾದಶಹನನ್ನು ಕಾಯುತ್ತಿರುವಾಗ ಲಖನೌ ಕಂಪೆನಿ ಸರ್ಕಾರದ ಪಾಲಾಗುತ್ತದಲ್ಲ, ಹಾಗಾಯಿತು. ಪ್ಲೇಸ್ಟೇಷನ್ ಹತ್ತು ಕೋಟಿಗೂ ಮೇಲೆ ಮಾರಿತು. ಕಲಿನ್‌ಸ್ಕಿ 1996ರಲ್ಲಿ ಸೆಗಾ ಬಿಟ್ಟರು. 2001ರ ಜನವರಿಯಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ಬಿಡುವುದಾಗಿ ಹೇಳಿತು. ಆ ವರ್ಷ ಮುಗಿಯುವುದರೊಳಗೆ ಸೋನಿಕ್ ನಿಂಟೆಂಡೋದ ಯಂತ್ರದಲ್ಲಿ ಓಡುತ್ತಿದ್ದ.

ವಿಚಿತ್ರವೆಂದರೆ, ಈ ಯುದ್ಧದ ಬಖೈರನ್ನು ಗೆದ್ದವರ ಕಡೆಯಿಂದ ಬರೆಯಲಿಲ್ಲ. 2014ರಲ್ಲಿ ಬಂದ ಬ್ಲೇಕ್ ಹ್ಯಾರಿಸ್‌ರ 'ಕನ್ಸೋಲ್ ವಾರ್ಸ್' ಪುಸ್ತಕದ ನಾಯಕ ಸೋತ ಪಾಳಯದ ಕಲಿನ್‌ಸ್ಕಿ. ಸೋತವನ ಕತೆ ಗೆದ್ದವನ ಕತೆಗಿಂತ ರುಚಿ ಎಂಬುದು ಕತೆಗಾರರಿಗೆಲ್ಲ ಗೊತ್ತು. ಆದರೆ ಅದು ಅಮೆರಿಕದ ಕಚೇರಿಯ ಕಿಟಕಿಯಿಂದ ಕಂಡ ಯುದ್ಧ.

ನಮ್ಮ ಕಡೆ ಆ ವರ್ಷಗಳಲ್ಲಿ ಏನಿತ್ತು? ಶಾ ವ್ಯಾಲೇಸ್ ಕಂಪೆನಿ ಸೆಗಾದ ಯಂತ್ರಗಳನ್ನು ಭಾರತಕ್ಕೆ ತಂದಿತ್ತು. ಆ ಬೆಲೆ ಕೊಡಬಲ್ಲ ಮನೆಗಳು ಎಷ್ಟಿದ್ದವು? ನಮ್ಮ ಪೇಟೆಗಳಿಗೆ ಬಂದದ್ದು ನಿಂಟೆಂಡೋದ 1983ರ ಯಂತ್ರದ ಅಗ್ಗದ ನಕಲುಗಳು. ಸಾವಿರಾರು ಆಟ ಎಂದು ಕ್ಯಾಸೆಟ್ಟಿನ ಮೇಲೆ ಬರೆದಿರುತ್ತಿತ್ತು, ಒಳಗೆ ಅವೇ ಹತ್ತಿಪ್ಪತ್ತು ಆಟಗಳು ಮತ್ತೆ ಮತ್ತೆ ಬರುತ್ತಿದ್ದವು. ಅಮೆರಿಕದಲ್ಲಿ 16 ಬಿಟ್ ಕದನ ಮುಗಿಯುತ್ತ ಬಂದಾಗ ನಮ್ಮ ಮಕ್ಕಳು ಗಂಟೆಗೆ ಇಷ್ಟು ಎಂದು ಕೊಟ್ಟು, ಅದಕ್ಕೂ ಹಿಂದಿನ ತಲೆಮಾರಿನ ಮಾರಿಯೋ ಮತ್ತು ಕಾಂಟ್ರಾ ಆಡುತ್ತಿದ್ದರು. ಆಡಿದ್ದು ನಿಂಟೆಂಡೋದ ಆಟವನ್ನೇ. ಆದರೆ ಆ ನಕಲು ಯಂತ್ರಗಳಲ್ಲಿ ಒಂದೂ ನಿಂಟೆಂಡೋದ ಲೆಕ್ಕಪುಸ್ತಕದಲ್ಲಿಲ್ಲ.